ಕೊಬ್ಬರಿ ಅಟ್ಟದ ಕೆಳಗೆ ಗಿಟಾರ್

"ಒಂದು ಪೈಸೆ ಖರ್ಚು ಮಾಡಲ್ಲ! ಇಪ್ಪತ್ತೈದು ವರ್ಷದ ಹಿಂದಿನ ಆ ನಾದವನ್ನ ಇದೇ ಹಳೇ ಗಿಟಾರಿನಿಂದ ಹೊರಡಿಸದಿದ್ರೆ ನನ್ನ ಹೆಸರು ಇಂದ್ರೇಶನೇ ಅಲ್ಲ!"

ಅಡುಗೆಮನೆ ಬಾಗಿಲಲ್ಲಿ ನಿಂತು ನಾನು ಹೀಗೆ ಗುಡುಗಿದಾಗ ನನ್ನ ಹೆಂಡತಿ ಉಷಾರಾಣಿ ಕಾಯಿ ತುರಿಯುವುದನ್ನೂ ನಿಲ್ಲಿಸಲಿಲ್ಲ.

"ಹೆಸರು ಆಮೇಲೆ ಬದಲಾಯಿಸೋಣ. ಭಾನುವಾರ ಬೇಲೂರಲ್ಲಿ ನಮ್ಮಣ್ಣನ ಮಗಳು ದಿವ್ಯಾ ಮದುವೆ. ಆರತಕ್ಷತೆಗೆ ನೀವು ನುಡಿಸ್ತೀರೋ, ಅವಳ ತಮ್ಮ ಸಿದ್ಧಾರ್ಥ ನುಡಿಸಲೋ? ಅವನ ಹತ್ರ ಹೊಸ ಗಿಟಾರು, ಹೊಸ ಡಬ್ಬ, ಎಲ್ಲಾ ಇದೆ."

ಡಬ್ಬ ಅಂದರೆ ಆಂಪ್ಲಿಫೈಯರ್. ಅಯ್ಯೋ, ನನ್ನ ಕರ್ಮ!

ಒಂದು ಕಾಲದಲ್ಲಿ ನಾನು ಅರಸೀಕೆರೆಯ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದೆ. ಆ ಬೆಚ್ಚಗಿನ, ಕೊಂಚ ಒರಟಾದ ನಾದ ಕೇಳಿಯೇ ಉಷಾ ನನ್ನನ್ನು ಒಪ್ಪಿದ್ದು. ಮುಖ ನೋಡಿ ಅಲ್ಲವಂತೆ. ವರ್ಷಕ್ಕೆ ನಾಲ್ಕು ಸಲ ಅವಳೇ ಹೇಳುತ್ತಾಳೆ. ಈಗ ಆ ಪಟ್ಟವನ್ನು ಮೀಸೆ ಚಿಗುರುತ್ತಿರುವ ಸಿದ್ಧಾರ್ಥನಿಗೆ ಬಿಟ್ಟುಕೊಟ್ಟರೆ ನನ್ನ ಬೆರಳುಗಳಿಗೆ ಯಾವ ಮರ್ಯಾದೆ ಉಳಿಯುತ್ತೆ?

ಸೋಮವಾರ ಗಿಟಾರಿನ ಟೋನ್ ಗುಂಡಿಯನ್ನು ಪೂರ್ತಿ ಇಳಿಸಿದೆ.

"ರೀ, ಅದಕ್ಕೆ ನೆಗಡಿ ಆಗಿದ್ಯಾ?"

ಮಂಗಳವಾರ ಹಳೇ ನಾಲ್ಕಾಣೆಯಿಂದ ಮೀಟಿದೆ.

"ಪಾತ್ರೆ ಉಜ್ಜೋದಿದ್ರೆ ಹಿತ್ತಲಿಗೆ ಹೋಗಿ!"

ಬುಧವಾರ ಗಿಟಾರ್ ಪೆಟ್ಟಿಗೆಯ ತಳದಲ್ಲಿದ್ದ ತುಕ್ಕು ಹಿಡಿದ ತಂತಿಗಳನ್ನು ಬಿಗಿದೆ. ಮೊದಲನೆಯದು ಕಿತ್ತುಹೋಯಿತು, ಎರಡನೆಯದು ನನ್ನ ಬೆರಳು ಕೊಯ್ಯಿತು. ಹತಾಶನಾಗಿ ಊಟ ಬಿಟ್ಟೆ. ಯಾರೂ ಗಮನಿಸಲಿಲ್ಲ. ಗುರುವಾರ ಬೆಳಿಗ್ಗೆ ಎರಡೂ ಹೊತ್ತಿನದು ಸೇರಿಸಿ ಉಂಡೆ.

ಉಂಡ ಮೇಲೆ ಜ್ಞಾನೋದಯವಾಯಿತು! ಉಷಾ ಕೇಳಿದ ಆವತ್ತು ನುಡಿಸಿದ್ದು ದೊಡ್ಡ ಸಭಾಂಗಣದಲ್ಲಿ. ಶಬ್ದ ಸುತ್ತಾಡಿ ಬರುತ್ತಿತ್ತು. ನಮ್ಮ ಮನೆಯಲ್ಲಿ ಅಷ್ಟು ಎತ್ತರ ಇರುವುದು ಕೊಬ್ಬರಿ ಕೋಣೆಯಲ್ಲಿ ಮಾತ್ರ. ಅಲ್ಲಿ ಅಟ್ಟಕ್ಕೆ ಹಾಸಿದ ಮರದ ರೀಪರು ಪಟ್ಟಿಗಳ ಮೇಲೆ ಸಾವಿರಾರು ಕಾಯಿ ಹನ್ನೊಂದು ತಿಂಗಳು ಕದಲದೆ ಕೂತು, ಒಳಗೇ ಒಣಗಿ ಉಂಡೆ ಕೊಬ್ಬರಿಯಾಗಬೇಕು. ಅಪ್ಪ ಗಂಗಾಧರಯ್ಯನವರು ಬೆಕ್ಕನ್ನೂ ಅಟ್ಟ ಹತ್ತಲು ಬಿಡುವುದಿಲ್ಲ.

ಅಪ್ಪ ಮಠಕ್ಕೆ ಹೋಗಿದ್ದರು. ಆಂಪ್ಲಿಫೈಯರನ್ನು ಅಟ್ಟದ ಕೆಳಗಿಟ್ಟೆ. ಶಬ್ದ ಮೇಲೆ ಹೋಗಿ ಕಾಯಿಗಳನ್ನು ತಡವಿ ವಾಪಸ್ ಬರಲೆಂದು ಒಂದು ರೀಪರ್, ಒಂದೇ ಒಂದು ರೀಪರ್, ಪಕ್ಕಕ್ಕೆ ಸರಿಸಿದೆ. ಗಿಟಾರಿನ ದಪ್ಪ ತಂತಿಯನ್ನು ಝೇಂಕರಿಸುವಂತೆ ಮೀಟಿದೆ.

ಶಿವ ಶಿವಾ! ಮೊದಲು ಒಂದು ಕಾಯಿ, ಆಮೇಲೆ ಹತ್ತು, ಆಮೇಲೆ ಎಣಿಸಬೇಕಾದ ನಾನೇ ಗೋಡೆಗೆ ಅಂಟಿಕೊಂಡಿದ್ದೆ! ಅಷ್ಟರಲ್ಲಿ ಅಪ್ಪನೂ ಬಂದರು.

"ಏನ್ಲಾ ಮಾಡಿದೆ? ಇನ್ನೊಂದು ತಿಂಗಳು ಕೂತಿದ್ರೆ ಉಂಡೆ ಆಗಿರೋವು ಕಣೋ! ಒಡೆದವನ್ನ ಯಾರು ಕೊಳ್ತಾರೆ?"

ಒಂದು ಕಾಯಿ ಆಂಪ್ಲಿಫೈಯರಿನೊಳಗಿನ ಸ್ಪೀಕರಿನ ಕಾಗದವನ್ನು ಹರಿದು ಒಳಗೇ ಕೂತಿತ್ತು. ಅದನ್ನು ಕಿತ್ತೆಸೆದು, ಅಳು ಬರುತ್ತಿದ್ದ ಸಂಕಟದಲ್ಲಿ ಕೊನೆಯದಾಗಿ ತಂತಿ ಮೀಟಿದೆ.

ಬಂತು! ಬೆಚ್ಚಗೆ, ಕೊಂಚ ಒರಟಾಗಿ, ಅದೇ ನಾದ!

ಉಷಾ ಓಡಿಬಂದಳು. ಕಣ್ಣಲ್ಲಿ ನೀರು. "ಇದೇ ಕಣ್ರೀ! ಆವತ್ತಿನದೇ!"

"ಎಲ್ಲಾ ಬೆರಳಲ್ಲಿದೆ ಕಣೇ," ಎಂದೆ, ಕಾಯಿಗಳ ನಡುವೆ ಎದೆಯುಬ್ಬಿಸಿ.

ಸ್ಪೀಕರ್ ನೋಡಲು ಉಷಾ ಉಮಾಶಂಕರನನ್ನು ಕರೆಸಿದಳು. ನಮ್ಮ ಆರ್ಕೆಸ್ಟ್ರಾದ ಮೈಕ್ ಸೆಟ್ ನೋಡಿಕೊಳ್ಳುತ್ತಿದ್ದವನು ಅವನೇ. ಬಗ್ಗಿ ನೋಡಿ ನಕ್ಕ.

"ಆವತ್ತು ಆರ್ಕೆಸ್ಟ್ರಾ ಸ್ಪೀಕರೂ ಹಿಂಗೇ ಹರಿದಿತ್ತು ಕಣೋ! ಇಲಿ ಕಡಿದಿತ್ತು. ನಿನಗೆ ಹೇಳಿದ್ರೆ ಬೇಜಾರಾಗ್ತೀಯ ಅಂತ ಸುಮ್ನಿದ್ದೆ."

ಉಷಾ ನನ್ನ ಬೆರಳುಗಳನ್ನು ಒಮ್ಮೆ ನೋಡಿದಳು, ಸ್ಪೀಕರಿನ ತೂತನ್ನು ಒಮ್ಮೆ ನೋಡಿದಳು. ಕಣ್ಣೊರೆಸಿಕೊಂಡು ಫೋನು ತೆಗೆದಳು.

"ಸಿದ್ಧಾರ್ಥ, ಗಿಟಾರ್ ಮಾತ್ರ ತಗೊಂಡು ಬಾ ಕಣೋ. ಡಬ್ಬ ನಮ್ಮನೆಯಿಂದಾನೇ ಬರುತ್ತೆ. ಮಾವನಾ? ಅವರಿಗೆ ಬಿಡುವಿಲ್ಲ, ಒಡೆಯದ ಕಾಯಿ ಎಲ್ಲಾ ಮತ್ತೆ ಅಟ್ಟಕ್ಕೆ ಹಾಕಬೇಕಂತೆ."