ಬೊಜ್ಜದ ಊಟದಲ್ಲಿ ಮನೆ ಹುಡುಕಾಟ

ನನ್ನ ಸೋದರಮಾವನಷ್ಟು ಅಪರಿಚಿತರ ಸಾವಿನ ಊಟ ಉಂಡ ಮನುಷ್ಯ ಮಂಗಳೂರಿನಲ್ಲಿ ಇನ್ನೊಬ್ಬನಿರಲಾರ. ಹಸಿವಿನಿಂದ ಹಾಗೆ ಮಾಡಿದರೆಂದು ದಯವಿಟ್ಟು ತಿಳಿಯಬೇಡಿ. ಅವರು ಮನೆ ಹುಡುಕುತ್ತಿದ್ದರು!

ನಿಮಗೆ ಗೊಂದಲವಾಯಿತೇ? ನನಗೂ ಆಗಿತ್ತು, ಈಗಲೂ ಪೂರ್ತಿ ಹೋಗಿಲ್ಲ. ಆದ್ದರಿಂದ ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ.

ಮಾಮ ಮದುವೆಯಾಗಲಿಲ್ಲ. ಇಪ್ಪತ್ತೇಳು ವರ್ಷ ಗಲ್ಫಿನಲ್ಲಿ ಏಸಿ ರಿಪೇರಿ ಮಾಡಿ ಬಂದು ಮಂಗಳೂರಿನ ಕುಲಶೇಖರದಲ್ಲಿ ಒಂದು ಹಂಚಿನ ಮನೆಯನ್ನು ಬಾಡಿಗೆಗೆ ಹಿಡಿದರು. "ಸದ್ಯಕ್ಕೆ" ಎಂದರು. ಆ ಸದ್ಯಕ್ಕೆ ಏಳು ವರ್ಷವಾಯಿತು. ಕಳೆದ ವರ್ಷ ಮನೆಯ ಯಜಮಾನರು ಬಂದು, ಇದನ್ನು ಕೆಡವಿ ಫ್ಲ್ಯಾಟ್ ಕಟ್ಟಿಸುತ್ತೇವೆ, ಮಳೆಗಾಲಕ್ಕೆ ಮೊದಲು ಖಾಲಿ ಮಾಡಿಕೊಡಿ ಎಂದರು. ಉಳಿದದ್ದು ಎರಡು ತಿಂಗಳು.

"ನಮ್ಮಲ್ಲಿ ಒಂದು ರೂಮ್ ಖಾಲಿ ಉಂಟಲ್ಲ, ಬಾ," ಎಂದರು ನನ್ನ ಅಮ್ಮ.

"ಅಲ್ಲಿ ನಾನು ನೆಂಟ ಅಕ್ಕ. ಮನುಷ್ಯ ಎಷ್ಟು ವರ್ಷ ಅಂತ ನೆಂಟನಾಗಿ ಇರುದು? ನನಗೆ ಒಂದು ಊರು ಬೇಕು."

ಬೇರೆಯವರಾದರೆ ಏನು ನೋಡುತ್ತಾರೆ? ನೀರು, ಬಸ್ಸು, ಪಾರ್ಕಿಂಗ್. ಮಾಮ ಮಾತ್ರ ಬೆಳಿಗ್ಗೆ ಎದ್ದು ಪೇಪರಿನಲ್ಲಿ ಉತ್ತರಕ್ರಿಯೆಯ ಜಾಹೀರಾತುಗಳಿಗೆ ಕೆಂಪು ಪೆನ್ನಿನಿಂದ ಗೆರೆ ಎಳೆಯತೊಡಗಿದರು. ಉತ್ತರಕ್ರಿಯೆಗೆ ನಮ್ಮ ತುಳುನಾಡಿನಲ್ಲಿ ಬೊಜ್ಜವೆಂದು ಹೆಸರು. ಹಾಲ್ ಹಿಡಿಯುತ್ತಾರೆ, ಫೋಟೋಗೆ ಹಾರ ಹಾಕುತ್ತಾರೆ, ಬಲ್ಲವರು ಮೈಕಿನಲ್ಲಿ ನುಡಿನಮನ ಸಲ್ಲಿಸುತ್ತಾರೆ, ಆಮೇಲೆ ಊಟ.

"ಊರು ಹೇಗೆ ಉಂಟು ಅಂತ ಬ್ರೋಕರ್ ಹೇಳುದಿಲ್ಲ ಮಾರಾಯ. ಬೊಜ್ಜಕ್ಕೆ ಹೋದ್ರೆ ಗೊತ್ತಾಗ್ತದೆ. ನೀನು ಕಾರು ತೆಗಿ."

ಅಮ್ಮ ಅಡುಗೆಮನೆಯಿಂದಲೇ ಕೂಗಿದರು: "ಕರೆಯದ ಬೊಜ್ಜಕ್ಕೆ ಹೋಗ್ಲಿಕ್ಕೆ ನಾಚಿಕೆ ಆಗುದಿಲ್ವಾ ನಿಂಗೆ?"

"ಕರೆದಿದ್ದಾರಲ್ಲ ಅಕ್ಕ! 'ಬಂಧುಮಿತ್ರರು ಆಗಮಿಸಬೇಕು' ಅಂತ ಹಾಕಿದ್ದಾರೆ. ಬಂಧು ಅಲ್ಲ, ಸರಿ. ಮಿತ್ರ ಆಗ್ಲಿಕ್ಕೆ ಎಂತ ಅಡ್ಡಿ?"

ಅಮ್ಮ ಒಗ್ಗರಣೆಗೆ ಸಾಸಿವೆ ಹಾಕಿದರು. ನಾನು ಕಾರು ತೆಗೆದೆ.

ಮಾಮನ ಪರೀಕ್ಷೆ ಬಹಳ ಸರಳ. ಎಷ್ಟು ಜನ ಬಂದರು, ಸತ್ತವರ ಬಗ್ಗೆ ಎಷ್ಟು ಹೊತ್ತು ಮಾತಾಡಿದರು, ಮುಖ್ಯವಾಗಿ ಉಂಡು ಕೈ ತೊಳೆದ ಮೇಲೆ ಎಷ್ಟು ನಿಮಿಷ ನಿಂತರು. ಪೇಟೆಯ ಒಂದು ದೊಡ್ಡ ಹಾಲಿನಲ್ಲಿ ಸರಾಸರಿ ನಾಲ್ಕು ನಿಮಿಷ ಬಂತು. "ಕೆಲವರು ಎಡಗೈಯಲ್ಲಿ ಕಾರಿನ ಕೀ ಹಿಡ್ಕೊಂಡೇ ಪಾಯಸ ಕುಡಿದ್ರು," ಎಂದು ಮಾಮ ಆ ಇಡೀ ವಾರ್ಡನ್ನೇ ಫೇಲು ಮಾಡಿದರು. ಮೈಸೂರು ಒಳ್ಳೆಯ ಊರೆಂದು ಯಾರೋ ಹೇಳಿದ್ದಕ್ಕೆ ಅಲ್ಲಿಗೂ ಹೋಗಿ ಬಂದರು. ಅಲ್ಲಿಯ ಒಂದು ವೈಕುಂಠ ಸಮಾರಾಧನೆಯಲ್ಲಿ ಹನ್ನೊಂದು ಮಂದಿ, ಅತ್ಯಂತ ವಿನಯದಿಂದ, "ತಾವು ಯಾರ ಕಡೆಯವರು?" ಎಂದು ಕೇಳಿದರಂತೆ. "ಮರ್ಯಾದೆಯ ಊರು. ಆದ್ರೆ ಹನ್ನೊಂದು ಸಲ ಸುಳ್ಳು ಹೇಳಿ ಊಟ ಮಾಡಿದ್ರೆ ಜೀರ್ಣ ಆಗುದಿಲ್ಲ!"

ಬೈಕಂಪಾಡಿಯಲ್ಲಿ ನಡೆದದ್ದಕ್ಕೆ ನಾನೇ ಸಾಕ್ಷಿ. ಅಲ್ಲಿ ತೀರಿಕೊಂಡವರ ಗಲ್ಫಿನ ಗೆಳೆಯರೊಬ್ಬರು ಮಾತಾಡುವುದೆಂದು ನಿಶ್ಚಯವಾಗಿತ್ತು. ಯಾರೋ ಮಾಮನನ್ನು ಎಲ್ಲಿಂದ ಬಂದಿರೆಂದು ವಿಚಾರಿಸಿದರು. ಮಾಮ ಸತ್ಯವನ್ನೇ ಹೇಳಿದರು: "ಗಲ್ಫಿನಲ್ಲಿ ಇದ್ದೆ." ಮುಗಿಯಿತು! ಎರಡು ನಿಮಿಷದಲ್ಲಿ ಅವರ ಕೈಗೆ ಮೈಕು ಬಂತು. ನಾನು ಮೆಲ್ಲಗೆ ಹಿಂದಿನ ಸಾಲಿನ ಕುರ್ಚಿಗೆ ಜಾರಿದೆ.

ಮಾಮ ಫೋಟೋವನ್ನು ತುಂಬ ಹೊತ್ತು ನೋಡಿದರು. ಬಳಿಕ ನಿಧಾನವಾಗಿ, "ಇವರಿಗೆ ಸ್ವಲ್ಪ ಸಿಟ್ಟು ಬರ್ತಿತ್ತು. ಆದ್ರೆ ಊಟದ ಹೊತ್ತಿಗೆ ಇಳೀತಿತ್ತು," ಎಂದರು. ಮುಂದಿನ ಸಾಲಿನ ಹೆಂಗಸರೆಲ್ಲ ತಲೆಯಾಡಿಸಿದರು. ಒಬ್ಬರು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ನಿಜವಾದ ಗೆಳೆಯರು ತಡವಾಗಿ ಬಂದು, ಎಲ್ಲ ಹೇಳಿ ಆಗಿದೆಯೆಂದು ಕೇಳಿ, ಸುಮ್ಮನೆ ಎರಡನೆಯ ಪಂಕ್ತಿಯಲ್ಲಿ ಉಂಡರು.

"ಮಾಮ, ಅವರ ಸಿಟ್ಟಿನ ವಿಷಯ ನಿಮಗೆ ಹೇಗೆ ಗೊತ್ತು?" ಎಂದು ಕಾರಿನಲ್ಲಿ ಕೇಳಿದೆ.

"ಯಾರದ್ದು ಹಾಗೆ ಅಲ್ಲ ಮಾರಾಯ?"

ಇಂಥ ಮನುಷ್ಯನನ್ನು ಏನು ಮಾಡುವುದು? ಬೈಕಂಪಾಡಿಗೂ ಅವರು ಪಾಸ್ ಮಾರ್ಕು ಕೊಡಲಿಲ್ಲ. ಲಾರಿಗಳ ಸದ್ದಿನಲ್ಲಿ ಯಾರು ಅಳುತ್ತಿದ್ದಾರೆಂದೇ ಕೇಳಿಸುವುದಿಲ್ಲವಂತೆ. ಅಷ್ಟರಲ್ಲಿ ಒಂದೂವರೆ ತಿಂಗಳು ಕಳೆದಿತ್ತು. ಮನೆಯ ಯಜಮಾನರು ಹಂಚು ಇಳಿಸುವವರನ್ನು ಕರೆತಂದು, ಮಾಮ ಒಳಗಿರುವಾಗಲೇ ಮನೆಯ ಮಾಡನ್ನು ತೋರಿಸಿ ಹೋಗಿದ್ದರು.

ಕೊನೆಯದು ಬಲ್ಮಠದ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಹಾಲಿನಲ್ಲಿ. ಏಳನೆಯ ಮಾಳಿಗೆಯ ಒಬ್ಬ ಹಿರಿಯರ ಬೊಜ್ಜ. ಇನ್ನೂರು ಜನಕ್ಕೆ ಅಡುಗೆಯಾಗಿತ್ತು. ನಾನು ಎಣಿಸಿದೆ, ತಪ್ಪಿರಬಹುದೆಂದು ಮತ್ತೆ ಎಣಿಸಿದೆ: ನಮ್ಮಿಬ್ಬರನ್ನೂ ಸೇರಿಸಿ ಹತ್ತೊಂಬತ್ತು. ಮೈಕು ಇತ್ತು, ಅದರ ಹತ್ತಿರ ಯಾರೂ ಹೋಗಲಿಲ್ಲ. ಇಲ್ಲಿಗೆ ಸೊನ್ನೆಯೇ ಗತಿಯೆಂದುಕೊಂಡೆ.

ಆದರೆ ಮಾಮ ಮುಂಡು ಎತ್ತಿ ಕಟ್ಟಿ, ಯಾರನ್ನೂ ಕೇಳದೆ, ಸಾರಿನ ಬಾಲ್ದಿ ಹಿಡಿದು ಬಡಿಸತೊಡಗಿದರು. ಹದಿನೇಳು ಎಲೆಗೂ ಎರಡೆರಡು ಸಲ. ಕೊನೆಗೆ ನನ್ನನ್ನು ಕರೆದು ತಾವೂ ಕುಳಿತರು. ತೀರಿಕೊಂಡವರ ಹೆಂಡತಿ ಎದುರಿಗೆ ಬಂದು ನಿಂತು ಕೇಳಿದರು, "ನೀವು ಯಾರು ಅಂತ ನನಗೆ ಗುರುತು ಸಿಗ್ಲಿಲ್ಲ."

ಏನಾದರೊಂದು ಹೇಳಿ ಪಾರಾಗುತ್ತಾರೆಂದು ಕಾದೆ.

"ಗುರುತು ಇಲ್ಲ ಅಮ್ಮ. ಪೇಪರ್ ನೋಡಿ ಬಂದದ್ದು."

ಆಕೆ ಅನ್ನದ ಬಾಲ್ದಿಯನ್ನು ಹತ್ತಿರ ಎಳೆದುಕೊಂಡರು. "ಅನ್ನ ಇನ್ನು ಸ್ವಲ್ಪ ಹಾಕ್ಲಾ?" ಎಂದರು.

ಕೈ ತೊಳೆದು ಹೊರಗೆ ಬಂದವರೇ ಮಾಮ ವಾಚ್‌ಮ್ಯಾನನ್ನು ಕೇಳಿದರು: "ಇಲ್ಲಿ ಬಾಡಿಗೆಗೆ ಮನೆ ಉಂಟಾ?" ಮೂರನೆಯ ಮಾಳಿಗೆಯಲ್ಲಿ ಒಂದು ಇತ್ತು. ಅದನ್ನು ನೋಡುವ ಮೊದಲೇ, ಆಯ್ತು ಎಂದುಬಿಟ್ಟರು.

ನಾನು ಅವರ ತೋಳು ಹಿಡಿದು ಪಕ್ಕಕ್ಕೆ ಎಳೆದೆ. "ಮಾಮ! ಬರೀ ಹತ್ತೊಂಬತ್ತು ಜನ! ನಿಮ್ಮ ಲೆಕ್ಕದಲ್ಲಿ ಇದು ಫೇಲ್ ಅಲ್ವಾ?"

"ಹೌದು ಮಾರಾಯ. ಇಲ್ಲಿ ಜನ ಸಾಲುದಿಲ್ಲ," ಎಂದರು ಮಾಮ. "ಅದಕ್ಕೇ."

ಅಷ್ಟು ಹೇಳಿ ಮತ್ತೆ ಹಾಲಿನೊಳಗೆ ಹೋಗಿ, ಯಾರೂ ಕೂರದೆ ಉಳಿದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದರು. ನಾನು ಕೈಯಲ್ಲಿದ್ದ ಕಾರಿನ ಕೀಯನ್ನು ಜೇಬಿಗೆ ಹಾಕಿಕೊಂಡೆ. ಬಳಿಕ ಒಳಗೆ ಹೋಗಿ, ಮಾಮ ಎತ್ತಲು ಹೊರಟಿದ್ದ ಉದ್ದದ ಊಟದ ಮೇಜಿನ ಇನ್ನೊಂದು ತುದಿಯನ್ನು ಹಿಡಿದೆ.