ಹುಲಗಪ್ಪನ ಫೈಲುಗಳೂ ನನ್ನ ಒಂದೇ ಕ್ಲಿಕ್ಕೂ

"ಒಂದ ಕ್ಲಿಕ್ಕು!" ಎಂದು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ. "ಈ ಚಾ ಆರೂದ್ರಾಗ ಹುಲಗಪ್ಪನ ಸಮಗ್ರ ಸಾಹಿತ್ಯ ಯೂನಿಕೋಡಾಗಿ ಎದ್ದು ನಿಂದರತೈತಿ. ನೋಡಕೋತ ಇರು!"

ನನ್ನ ಹೆಂಡತಿ ಭುವನೇಶ್ವರಿ ನೋಡಲಿಲ್ಲ. ಮೆಂತ್ಯ ಸೋಸುತ್ತಲೇ ಹೇಳಿದಳು: "ಹ್ವಾದ ಸಲ ನಿಮ್ಮ ಒಂದ ಕ್ಲಿಕ್ಕಿಗೆ ಮಗಳ ಮದುವಿ ಫೋಟೋ ಎಲ್ಲಾ ಮಾಯ ಆದ್ವು. ಈ ಸಲ ಯಾರ ಪಾಳಿ ಐತೋ!"

ಯಾದಗಿರಿಯ ಕಾಲೇಜಿನಲ್ಲಿ ಮೂರು ದಶಕ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಇಂಥ ಟೀಕೆಗಳಿಗೆ ಉತ್ತರಿಸುವುದು ನನ್ನ ಘನತೆಗೆ ಒಪ್ಪುವುದಿಲ್ಲ. ಚಹಾದ ಕಪ್ಪನ್ನು ಎತ್ತಿಕೊಂಡು ಕಂಪ್ಯೂಟರಿನತ್ತ ದಂಡಯಾತ್ರೆ ಹೊರಟೆ.

ಹುಲಗಪ್ಪ ನನ್ನ ಗೆಳೆಯ. ಶಹಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಅವನದೊಂದು ಡಿಟಿಪಿ ಅಂಗಡಿ ಇತ್ತು. ಲಗ್ನಪತ್ರಿಕೆ, ಬ್ಯಾನರು, ಗೃಹಪ್ರವೇಶದ ಕಾರ್ಡು ಮಾಡುವುದು ಕೆಲಸ. ನಡುವೆ ಬಿಡುವಾದಾಗ ಅಂಗಡಿಗೆ ಬಂದವರ ಮೇಲೆ ನಗೆಬರಹ ಬರೆಯುವುದು ಚಟ. ಒಬ್ಬ ಹತ್ತಿ ವ್ಯಾಪಾರಿ ಮಗನ ಲಗ್ನಪತ್ರಿಕೆಯಲ್ಲಿ 'ಸುಖಾಗಮನ ಬಯಸುವವರು' ಎಂದು ಎಷ್ಟು ಹೆಸರು ತುಂಬಿಸಿದನೆಂದರೆ, ಕೊನೆಗೆ ಮದುಮಗನ ಹೆಸರಿಗೇ ಜಾಗ ಸಿಗಲಿಲ್ಲವಂತೆ! ಅಂಥವು ನೂರಾರು. ಸ್ಥಳೀಯ ವಾರಪತ್ರಿಕೆಯೊಂದು ಅವನ್ನು ಹಾಕುತ್ತಿತ್ತು. ಆಮೇಲೆ ಪತ್ರಿಕೆ ನಿಂತಿತು, ಹಳೆಯ ಸಂಚಿಕೆಗಳು ರದ್ದಿಗೆ ಹೋದವು. ಹೋದ ಶ್ರಾವಣದಲ್ಲಿ ಹುಲಗಪ್ಪನೂ ಹೋದ. ಅಂದಿನಿಂದ ಶಹಾಪುರಕ್ಕೆ ಹೋದರೆ ನಾನು ಒಂದು ಸ್ಟಾಪು ಮೊದಲೇ ಇಳಿದುಬಿಡುತ್ತೇನೆ. ಎಳೆದಿರುವ ಆ ಶಟರಿನ ಮುಂದೆ ಹಾದುಹೋಗುವುದು ಇನ್ನೂ ನನ್ನಿಂದ ಆಗಿಲ್ಲ.

ಮೊದಲ ವರ್ಷದ ಪುಣ್ಯಸ್ಮರಣೆಯ ದಿನ ಅವನ ಬರಹಗಳ ಪುಸ್ತಕ ತರಬೇಕೆಂದು ನನಗೆ ನಾನೇ ತೀರ್ಮಾನಿಸಿದೆ. ಸುರಪುರಕ್ಕೆ ಹೋಗಿ ಅವನ ಹೆಂಡತಿ ಶೇಖಮ್ಮನ ಹತ್ತಿರ ಫೈಲು ಕೇಳಿದೆ. ಆಕೆ ಅಲ್ಲಿನ ಪ್ರಾಥಮಿಕ ಶಾಲೆಯ ಶಿಕ್ಷಕಿ. ಅಂಗಡಿಯ ಕಂಪ್ಯೂಟರನ್ನು ಖಾಲಿ ಮಾಡಿಸಿ ಆಗಲೇ ಶಾಲೆಯ ಮಕ್ಕಳಿಗೆ ಕೊಟ್ಟಿದ್ದಳು. ಒಂದು ಪೆನ್‌ಡ್ರೈವ್ ತಂದು ನನ್ನ ಅಂಗೈಯಲ್ಲಿಟ್ಟಳು.

"ಅವ್ರು ಕಾಗದದ ಮ್ಯಾಲ ಒಂದಕ್ಷರ ಬರದವ್ರಲ್ರಿ ಸರ. ಬರದದ್ದೆಲ್ಲಾ ಕಂಪ್ಯೂಟರಿನಾಗೇ. ಜ್ವಾಕೀಲೆ ನೋಡ್ರಿ."

"ಫಿಕರ್ ಬ್ಯಾಡ ಶೇಖಮ್ಮ. ನಾ ಅದೀನಲ್ಲ!"

ಆಕೆ ಏನೋ ಹೇಳಲು ಬಾಯಿ ತೆರೆದಳು. ನಾನು ಆಗಲೇ ಚಪ್ಪಲಿ ಮೆಟ್ಟಿಯಾಗಿತ್ತು.

ಮಾದರಿಗೆಂದು ಒಂದು ಫೈಲನ್ನು ಕಲಬುರಗಿಯ ಮುದ್ರಕರಿಗೆ ಕಳಿಸಿದೆ. ಅವರು ಫೋನು ಮಾಡಿ, "ಇದು ಹಳೇ ಫಾಂಟ್ರಿ ಸರ, ನಡಿಯಂಗಿಲ್ಲ. ಯೂನಿಕೋಡ್ ಮಾಡಿ ಕಳಸ್ರಿ" ಎಂದರು. ವಿಷಯ ಇಷ್ಟೇ: ಹಳೆಯ ಫಾಂಟಿನಲ್ಲಿ ಟೈಪು ಮಾಡಿದ್ದು ನಿಜವಾದ ಕನ್ನಡವಲ್ಲ, ಕನ್ನಡದ ವೇಷ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳು. ಆ ಫಾಂಟು ಇಲ್ಲದ ಕಡೆ ವೇಷ ಕಳಚಿ ಬೀಳುತ್ತದೆ. ಯೂನಿಕೋಡ್ ಎಂದರೆ ಎಲ್ಲಿಗೆ ಹೋದರೂ ಕನ್ನಡವಾಗಿಯೇ ಉಳಿಯುವ ಕನ್ನಡ. ಒಂದನ್ನು ಇನ್ನೊಂದಾಗಿಸುವ ತಂತ್ರಾಂಶ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ನನಗೆ ಸಿಕ್ಕದ್ದಂತೂ ಇಡೀ ಫೋಲ್ಡರನ್ನೇ ಒಂದೇ ಗುಟುಕಿಗೆ ನುಂಗುವ ಮಹಾಶೂರ!

ಅದು ವಿನಯದಿಂದ ಒಂದು ಪ್ರಶ್ನೆ ಕೇಳಿತು. ಮೂಲ ಫೈಲುಗಳನ್ನು ಹಾಗೇ ಉಳಿಸಿ ಹೊಸದಾಗಿ ಬರೆಯಲೋ, ಮೂಲದ ಮೇಲೆಯೇ ಬರೆಯಲೋ? ಉಳಿಸಿಕೊಳ್ಳುವುದು ಅಳ್ಳೆದೆಯವರ ಲಕ್ಷಣ. "ಮೇಲೆಯೇ ಬರಿ!" ಎಂದು ಆಜ್ಞಾಪಿಸಿದೆ. ಅದೂ ಎಲ್ಲಿ? ನೇರವಾಗಿ ಪೆನ್‌ಡ್ರೈವಿನಲ್ಲೇ!

ಕ್ಲಿಕ್.

ಮೊದಲ ಫೈಲು ತೆರೆದೆ. ಮುತ್ತಿನಂಥ ಕನ್ನಡ! ತಕ್ಷಣ ಶೇಖಮ್ಮನಿಗೆ ಫೋನು. "ಆತು! ಎಲ್ಲಾ ಆತು! ಪುಸ್ತಕ ಬಿಡುಗಡಿಗೆ ಹಾಲ್ ಬುಕ್ ಮಾಡ್ರಿ!"

ಚಹಾ ಇನ್ನೂ ಬಿಸಿಯಾಗಿತ್ತು. ಒಂದು ಗುಟುಕು ಹೀರಿ ಹತ್ತನೆಯದೋ ಹನ್ನೆರಡನೆಯದೋ ಫೈಲು ತೆರೆದವನು ಆ ಗುಟುಕನ್ನು ಕೀಬೋರ್ಡಿಗೇ ಅರ್ಪಿಸಿದೆ. ತೆರೆಯ ಮೇಲೆ ಇದ್ದದ್ದು ಕನ್ನಡವೇ. ಆದರೆ ಕನ್ನಡಕ್ಕೆ ಸನ್ನಿ ಹಿಡಿದರೆ ಹೇಗಿರುತ್ತದೋ ಹಾಗಿತ್ತು. ಹುಲಗಪ್ಪ ಕೆಲವು ವರ್ಷಗಳ ಹಿಂದೆಯೇ ಯೂನಿಕೋಡಿಗೆ ಬದಲಾಗಿದ್ದ! ಅರ್ಧ ಹಳೆಯದು, ಅರ್ಧ ಹೊಸದು. ನನ್ನ ಮಹಾಶೂರನಿಗೆ ಆ ಭೇದವೆಲ್ಲ ಎಲ್ಲಿ? ಗುಣವಾಗಿ ಗಂಟುಮೂಟೆ ಕಟ್ಟಿ ಮನೆಗೆ ಹೊರಟ ರೋಗಿಯನ್ನು ಹಿಡಿದು ಮತ್ತೊಮ್ಮೆ ಹೊಟ್ಟೆ ಕೊಯ್ದಿದ್ದ!

ಹಳೆಯ ಫೈಲುಗಳ ನಡುವೆ ಇಂಗ್ಲಿಷಿನಲ್ಲೇ ಇದ್ದ ಪದಗಳ ಗತಿಯನ್ನು ಕೇಳಬೇಡಿ. ಅವುಗಳನ್ನೂ ವೇಷಧಾರಿಗಳೆಂದೇ ತಿಳಿದು ಬಲವಂತವಾಗಿ ಕನ್ನಡಕ್ಕೆ ತರಲಾಗಿತ್ತು. ಎಲ್‌ಐಸಿ ಏಜೆಂಟ 'ಐಋಅ' ಏಜೆಂಟನಾಗಿದ್ದ. ಎಂಎಲ್‌ಎ ಸಾಹೇಬರು 'ಒಐಂ' ಸಾಹೇಬರಾಗಿದ್ದರು. ಓಕೆ ಎಂದು ತಲೆಯಾಡಿಸಬೇಕಿದ್ದ ಬೀಗರು 'ಔಏ!' ಎಂದು ಒದರುತ್ತಿದ್ದರು.

ಇಲ್ಲಿಗೆ ಕೈಬಿಟ್ಟಿದ್ದರೆ ಸ್ವಲ್ಪವಾದರೂ ಉಳಿಯುತ್ತಿತ್ತು. ನಾನು ಬಿಡುವವನೇ? ಹಿಂದಕ್ಕೆ ಪರಿವರ್ತಿಸಿದೆ. ಚೆನ್ನಾಗಿದ್ದವೂ ಕೆಟ್ಟವು. ಇನ್ನೊಂದು ತಂತ್ರಾಂಶ ತಂದೆ. ಅದು ಮೊದಲಿನದರ ತಪ್ಪನ್ನು ತಿದ್ದಲು ಹೋಗಿ ತನ್ನದೂ ಸೇರಿಸಿತು. ಮೂರನೆಯದು ಸುಸ್ತಾಗಿ ಪುಟದ ತುಂಬ ಪ್ರಶ್ನಾರ್ಥಕ ಚಿಹ್ನೆ ಬರೆದು ಕುಳಿತಿತು. ಬರೀ ಪ್ರಶ್ನೆಗಳು! ಹುಲಗಪ್ಪನೇ ಕೇಳುತ್ತಿರುವಂತೆ ಅನ್ನಿಸಿತು: ಏನ್ರೀ? ಯಾಕ್ರೀ? ಯಾರ್ ಹೇಳಿದ್ರೀ?

"ಚಾ ಆರೇತಿ" ಎಂದಳು ಭುವನೇಶ್ವರಿ ಬೆನ್ನ ಹಿಂದೆ. "ಸಾಹಿತ್ಯ ಎದ್ದು ನಿಂತತೇನು?"

"ಜರಾ... ತೊಂದ್ರಿ ಆಗೇತಿ."

"ಎಷ್ಟ್ ಜರಾ?"

"ಪೂರಾ."

ಅವಳು ತೆರೆಯನ್ನೂ ನನ್ನ ಮುಖವನ್ನೂ ನೋಡಿದಳು. ಬೈಯಲಿಲ್ಲ. ಅವಳು ಬೈಯದಿದ್ದಾಗಲೇ ನನಗೆ ನಿಜವಾದ ಹೆದರಿಕೆ ಹುಟ್ಟಿದ್ದು.

ಸ್ಟೇಶನ್ ರೋಡಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಜಾಹೀದನ ಹತ್ತಿರ ಓಡಿದೆ. ಅವನು ಪೆನ್‌ಡ್ರೈವನ್ನು ಬಹಳ ಹೊತ್ತು ನಾಡಿ ನೋಡಿದ.

"ಒಂದ್ ಸಲ ಕೆಡಿಸಿದ್ರ ಹಳೇದು ಎಬ್ಬಸಬಹುದಿತ್ತು ಸರ. ಇದ್ರ ಮ್ಯಾಲ ಎಷ್ಟ್ ಸಲ ಬರದೀರಿ?"

"ಒಂದ್ ಏಳೆಂಟು..."

"ಭಾಳ ಶ್ರದ್ಧಾದಿಂದ ಕೆಡಿಸೀರಿ ಸರ."

"ಏನೂ ಉಳದಿಲ್ಲೇನಪಾ?"

"ಫೈಲ್ ಅದಾವ್ರಿ. ಬರೇ ಅವುಗಳ ಮಾತ್ ಹೋಗೇತಿ."

ನಗಲು ಹೋದೆ. ಆಗಲಿಲ್ಲ. ಹುಲಗಪ್ಪನ ಕೊನೆಯ ದಿನಗಳೂ ಹಾಗೇ ಇದ್ದವು. ಮನುಷ್ಯ ಇದ್ದ, ಮಾತು ಹೋಗಿತ್ತು. ನಾನು ಮಂಚದ ಪಕ್ಕದಲ್ಲಿ ಕುಳಿತು ಅವನ ಮಾತನ್ನೂ ನಾನೇ ಆಡಿ, ಅದಕ್ಕೆ ಉತ್ತರವನ್ನೂ ನಾನೇ ಹೇಳುತ್ತಿದ್ದೆ. ಅವನು ಕಣ್ಣಲ್ಲೇ ನಕ್ಕಂತೆ ಮಾಡುತ್ತಿದ್ದ. ಈಗ ಅವನ ಮಾತು ಎರಡನೆಯ ಸಲ ಹೋಗಿತ್ತು, ಈ ಸಲ ಯಾವ ರೋಗವೂ ಕಾರಣವಾಗಿರಲಿಲ್ಲ.

"ಸುರಪುರಕ್ಕ ಹೋಗ್ರಿ. ಖರೇ ಹೇಳ್ರಿ" ಎಂದಳು ಭುವನೇಶ್ವರಿ. "ಹಾಲ್‌ಗೆ ಹೇಳ್ಯಾಳೋ ಏನೋ, ಪಾಪ."

ಮರುದಿನ ಬಸ್ಸು ಭೀಮೆಯನ್ನು ದಾಟಿ ಶಹಾಪುರ ಮುಟ್ಟುವವರೆಗೆ ಮನಸ್ಸಿನಲ್ಲೇ ಭಾಷಣ ತಯಾರಿಸಿದೆ. ವೈರಸ್ಸಿನ ಮೇಲೆ ಹಾಕಲೇ? ವಿದ್ಯುತ್ತಿನ ಮೇಲೆ ಹಾಕಲೇ? ಶಹಾಪುರ ದಾಟಿದ ಮೇಲೆ ಗದ್ದೆಗಳನ್ನು ನೋಡುತ್ತ ಭಾಷಣವನ್ನು ಒಂದೊಂದೇ ವಾಕ್ಯ ಹೊಡೆದುಹಾಕಿದೆ. ಸುರಪುರದಲ್ಲಿ ಇಳಿಯುವಾಗ ಉಳಿದದ್ದು ಒಂದೇ ವಾಕ್ಯ. ಶೇಖಮ್ಮ ಬಾಗಿಲು ತೆಗೆದ ಕೂಡಲೇ ಅದನ್ನು ಆಕೆಯ ಕಾಲಬುಡದಲ್ಲಿ ಇಳಿಸಿಬಿಟ್ಟೆ.

"ಹುಲಗಪ್ಪ ಬರದದ್ದೆಲ್ಲಾ ಹಾಳ್ ಮಾಡೀನಿ ಶೇಖಮ್ಮ."

"ಒಳಗ ಬರ್ರಿ ಸರ. ಕುಂದರ್ರಿ." ಆಕೆ ನೀರು ಕೊಟ್ಟಳು. "ಎಲ್ಲಾ ಕೆಟ್ಟಾವೇನು?"

"ಎಲ್ಲಾ."

"ಒಂದೂ ಉಳದಿಲ್ಲ?"

"ಏಳೆಂಟ್ ಸಲ ಬಚಾವ್ ಮಾಡಾಕ ನೋಡಿದೆ. ಅದಕ್ಕ ಒಂದೂ ಉಳದಿಲ್ಲ."

ಶೇಖಮ್ಮ ನಕ್ಕಳು. ಮೊದಲು ಸಣ್ಣಗೆ, ಆಮೇಲೆ ಕುರ್ಚಿಯ ಬೆನ್ನು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ನಾನು ನೀರಿನ ಲೋಟ ಹಿಡಿದುಕೊಂಡು ಪೆದ್ದನಂತೆ ಕುಳಿತಿದ್ದೆ. ದುಃಖ ನೆತ್ತಿಗೇರಿತೇನೋ ಎಂದು ಗಾಬರಿಯಾಯಿತು.

"ಸರ, ನಿಮಗ ಕೊಟ್ಟದ್ದು 'ಸರ್ ತಿದ್ದಾಕ' ಅನ್ನೂ ಫೋಲ್ಡರ್ರಿ. ಛಾಪಾಕ ಕಳಸೂದು ಬ್ಯಾರೇನ ಐತಿ. ಅವ್ರ ಲ್ಯಾಪ್‌ಟಾಪಿನಾಗ ಬರೋಬ್ಬರಿ ಐತಿ."

"ಬ್ಯಾರೇ ಅಂದ್ರ?"

"ಅವ್ರು ಯಾವಾಗ್ಲೂ ಎರಡ ಮಾಡ್ತಿದ್ರು. ಒಂದು ನೀವು ತಿದ್ದಾಕ. ಒಂದು ಛಾಪಾಕ."

ಎದೆಯ ಮೇಲಿಂದ ಒಂದು ಎತ್ತಿನಬಂಡಿ ಇಳಿದು ಹೋಯಿತು. ಆದರೆ ಇಳಿಯುವಾಗ ಅದು ನನ್ನ ಕಾಲಿನ ಮೇಲೆ ಗಾಲಿ ಹಾಯಿಸಿತು. ಪ್ರತಿ ಐತವಾರ ನಾನು ಆ ಅಂಗಡಿಗೆ ಹೋಗಿ ಹುಲಗಪ್ಪನ ಬರಹ ತಿದ್ದುತ್ತಿದ್ದೆ. 'ನಕ್ಕ' ಇದ್ದಲ್ಲಿ 'ಮಂದಹಾಸ ಬೀರಿದನು' ಮಾಡುತ್ತಿದ್ದೆ. ಪ್ರತಿಯೊಂದರ ಕೊನೆಗೂ ಸಮಾಜಕ್ಕೊಂದು ನೀತಿ ಅಂಟಿಸುತ್ತಿದ್ದೆ. "ಭಾರೀ ಆತ್ರಿ ಸರ!" ಎಂದು ಅವನು ಚಹಾ ತರಿಸುತ್ತಿದ್ದ. ಅಚ್ಚಾದ ಮೇಲೆ ನಾನು ಓದುತ್ತಿರಲಿಲ್ಲ. ನಾನೇ ತಿದ್ದಿದ್ದನ್ನು ನಾನೇ ಮತ್ತೇಕೆ ಓದಲಿ?

"ಹಂಗಾದ್ರ ನಾ ತಿದ್ದಿದ್ದು ಒಂದೂ..."

"ಒಂದೂ ಇಲ್ರಿ."

"ಮತ್ತ ಯಾಕ ತಿದ್ದಸ್ತಿದ್ದ ಅಂವಾ?"

"ನಾನೂ ಅದನ್ನ ಕೇಳಿದ್ದೆ. 'ತಿದ್ದೂದು ಮುಗೀತಂದ್ರ ಸರ್ ಐತವಾರ ಯಾಕ ಬರ್ತಾರ?' ಅಂದ್ರು."

ಕೈಯಲ್ಲಿದ್ದ ಲೋಟದ ನೀರನ್ನು ಒಂದೇ ಗುಟುಕಿಗೆ ಕುಡಿದೆ. ಆಮೇಲೆ ಬಾಯಿಗೆ ಬಂದದ್ದು ಕೆಲಸಕ್ಕೆ ಬಾರದ ಮಾತೇ: "ಅದನ್ನ ಯೂನಿಕೋಡ್ ಮಾಡಬೇಕಾಕ್ಕೈತಿ."

"ಅವ್ರ ಮಾಡಿಟ್ಟಾರ್ರಿ. ಒಂದೊಂದ ಫೈಲ್ ಕುಂತು ನೋಡಿ."

"ಅಲ್ಲವ್ವಾ, ಮೊದ್ಲ ಹೇಳಬಾರದ?"

"ನೀವು ಹೇಳಾಕ ಎಲ್ಲಿ ಬಿಟ್ರಿ?" ಆಕೆ ಕಣ್ಣೊರೆಸಿಕೊಂಡಳು. "ಮತ್ತ ಅವ್ರು ಹೋದ ಮ್ಯಾಲ, ಫೈಲ್ ಕೇಳಾಕ ಬರೂತನಕ, ನೀವು ಈ ಕಡಿ ಹಾದೇ ಇರಲಿಲ್ಲ. ಇದನ್ನ ಕೊಟ್ರ ತಿರುಗಿ ಕೊಡಾಕಾದ್ರೂ ಬರ್ತೀರಿ ಅಂತ ಕೊಟ್ಟೆ."

ಲ್ಯಾಪ್‌ಟಾಪು ತಂದು ನನ್ನ ಮುಂದಿಟ್ಟಳು. ಮೊದಲ ಬರಹ ತೆರೆದುಕೊಂಡಿತು. ಹುಲಗಪ್ಪನ ಮಾತು, ಅವನ ದನಿ, ಅವನದೇ ತುಂಟತನ, ಮಂದಹಾಸವಿಲ್ಲದ ಬರೀ ನಗು. ನೀತಿ ಇಲ್ಲ. ಓದುತ್ತ ಓದುತ್ತ ನಾನು ಗಟ್ಟಿಯಾಗಿ ನಕ್ಕೆ. ಎರಡನೆಯ ಪ್ಯಾರಾದಲ್ಲಿ ಒಂದು ವಾಕ್ಯ ಜರಾ ಉದ್ದವಾಯಿತು ಅನ್ನಿಸಿತು. ನನಗೇ ಗೊತ್ತಿಲ್ಲದಂತೆ ಬೆರಳು ಕೀಬೋರ್ಡಿನ ಕಡೆ ಸರಿಯಿತು.

"ಸರ!" ಅದು ಎರಡನೆಯ ತರಗತಿಯ ಕೋಣೆಯ ಕೊನೆಯ ಸಾಲಿಗೂ ಮುಟ್ಟುವ ದನಿ. "ಕೈ ಕಟ್ರಿ!"

ಮೂರು ದಶಕ ಪಾಠ ಹೇಳಿದ ನಾನು ಎರಡೂ ಕೈ ಎದೆಯ ಮೇಲೆ ಕಟ್ಟಿ ನೆಟ್ಟಗೆ ಕುಳಿತೆ.

"ಮುಂದಿನ ಪುಟ?" ಎಂದು ಮೆಲ್ಲಗೆ ಕೇಳಿದೆ.

"ನಾ ಹೊಳ್ಳಸ್ತೀನಿ. ನೀವು ಓದ್ರಿ."