ಮೇಸ್ತ್ರಿ ಕೆಲಸ, ಯಾರಿಗೂ ಹೇಳಬೇಡಿ

ಸ್ವಲ್ಪ ಹತ್ತಿರಕ್ಕೆ ಬನ್ನಿ. ಇನ್ನೂ ಸ್ವಲ್ಪ. ನಮ್ಮ ಎದುರುಮನೆಯವಳ ಕಿವಿ ಎಂಥದ್ದು ಅಂದ್ರೆ, ನಾನಿಲ್ಲಿ ಒಗ್ಗರಣೆಗೆ ಸಾಸಿವೆ ಹಾಕಿದ್ರೆ ಅವಳು ಅಲ್ಲಿಂದಲೇ ಇವತ್ತು ಏನು ಸಾರು ಅಂತ ಹೇಳಿಬಿಡ್ತಾಳೆ. ಅದಕ್ಕೆ ಮೆಲ್ಲಗೆ ಹೇಳ್ತೀನಿ, ನೀವೂ ಹೊಟ್ಟೆಯಲ್ಲೇ ಇಟ್ಟುಕೊಳ್ಳಬೇಕು. ನಿಮ್ಮ ಓರಗಿತ್ತಿಗೆ ಹೇಳಬಾರದು. ಹೂವಿನವಳಿಗಂತೂ ಹೇಳಲೇಬಾರದು, ಮೊಳ ಹೂವಿನ ಜೊತೆ ಮನೆಮನೆಗೂ ಹಂಚಿಬಿಡ್ತಾಳೆ.

ನನ್ನದೊಂದು ಗುಟ್ಟಿನ ಕೆಲಸ ಇದೆ. ಅಂಗಡಿಗೋ ಹೋಟೆಲಿಗೋ ಮಾಮೂಲಿ ಗಿರಾಕಿ ಥರ ಹೋಗಬೇಕು. ಅಲ್ಲಿಯವರು ಬನ್ನಿ ಅಂದ್ರಾ, ನೆಲ ಗುಡಿಸಿದ್ದಾರಾ, ಬಿಲ್ಲು ಕೊಟ್ರಾ ಎಲ್ಲ ನೋಡಿಕೊಂಡು ಬಂದು ಬೆಂಗಳೂರಿನ ಕಂಪನಿ ಮೇಡಂಗೆ ಫೋನಿನಲ್ಲಿ ಒಪ್ಪಿಸಬೇಕು. ಕಂಡವರ ಮನೆ ವಿಷಯ ಬೀದಿಯಲ್ಲಿ ಹೇಳಿದ್ರೆ ಜನ ಚಾಡಿ ಅಂತಾರೆ. ಅದನ್ನೇ ಕಂಪನಿಗೆ ಹೇಳಿದ್ರೆ ಕೂಲಿ ಕೊಡ್ತಾರೆ. ದೇವರು ಈ ಕೆಲಸವನ್ನ ನನಗೆ ಅಂತಲೇ ಮಾಡಿಟ್ಟಿದ್ದ, ಕೊಡೋದು ಮಾತ್ರ ತಡ ಮಾಡಿದ.

ಷರತ್ತು ಒಂದೇ. ನಾನು ಈ ಕೆಲಸ ಮಾಡ್ತೀನಿ ಅಂತ ಒಂದು ನರಪಿಳ್ಳೆಗೂ ಗೊತ್ತಾಗಬಾರದು. ಗೊತ್ತಾದ್ರೆ ಅವತ್ತೇ ಕೆಲಸಕ್ಕೆ ಎಳ್ಳುನೀರು. ಹೇಳೋಕೇನು, ಬೆಂಗಳೂರಲ್ಲಿ ಕೂತು ಹೇಳಿಬಿಟ್ರು. ನಮ್ಮ ಚಿಕ್ಕಬಳ್ಳಾಪುರದಲ್ಲಿ ಒಬ್ಬರು ಸೀನಿದ್ರೆ ಚಿಂತಾಮಣಿಯಲ್ಲಿ ಯಾರೋ "ನೂರು ವರ್ಷ ಬಾಳು" ಅಂತಾರೆ. ಇಂಥ ಸೀಮೆಯಲ್ಲಿ ಗುಟ್ಟಿನ ಕೆಲಸ! ಅದಕ್ಕೇ ಹೋದ ಕಡೆಯೆಲ್ಲ ಒಂದಲ್ಲ ಒಂದು ಎಡವಟ್ಟು ಆಗ್ತಾನೇ ಇರುತ್ತೆ.

ಕೆಲಸದ ಹೆಸರು

ಕೆಲಸ ಕೊಡಿಸಿದವಳು ನನ್ನ ತಂಗಿಯ ಮೊಮ್ಮಗಳು. "ದೊಡ್ಡಜ್ಜಿ, ಇದಕ್ಕೆ ಮಿಸ್ಟರಿ ಶಾಪರ್ ಅಂತಾರೆ" ಅಂದಳು.

"ಮೇಸ್ತ್ರಿನಾ? ಈ ಮಂಡಿ ಇಟ್ಕೊಂಡು ಗಾರೆ ಕೆಲಸಕ್ಕೆ ಹೋಗಲೇನೇ ನಾನು?"

"ಮೇಸ್ತ್ರಿ ಅಲ್ಲ ಅಜ್ಜಿ, ಮಿ-ಸ್ಟ-ರಿ."

"ಅದನ್ನೇ ನಾನೂ ಹೇಳಿದ್ದು. ಮೇಸ್ತ್ರಿ."

ಮೂರನೇ ಕ್ಲಾಸಿಗೇ ಸ್ಲೇಟು ಇಟ್ಟವಳು ನಾನು. ಆ ಪದ ನನ್ನ ನಾಲಿಗೆಗೆ ಹತ್ತಲೇ ಇಲ್ಲ. ಕೊನೆಗೆ ಅವಳೇ ಸೋತು, "ಏನಾದ್ರೂ ಅಂದ್ಕೋ, ಬಾಯಿ ಮಾತ್ರ ಮುಚ್ಕೊಂಡಿರು" ಅಂದಳು. ಅವತ್ತಿನಿಂದ ಮೇಡಂಗೆ ಫೋನ್ ಮಾಡಿದ್ರೆ "ಹಲೋ, ಚಿಕ್ಕಬಳ್ಳಾಪುರದ ಮೇಸ್ತ್ರಿ" ಅಂತಲೇ ಶುರು ಮಾಡ್ತೀನಿ. ನಮ್ಮನೆ ಒಳಗೆ ಸಿಗ್ನಲ್ ಇಲ್ಲ, ತಾರಸಿ ಹತ್ತಬೇಕು. ಅಲ್ಲೂ ಆಯಮ್ಮನಿಗೆ ಸರಿಯಾಗಿ ಕೇಳಲ್ಲ, ಗಂಟಲು ಹರಿದುಕೊಳ್ಳಬೇಕು.

ಈಚೆಗೆ ಮೇಡಂ ಮನೆಗೆ ಟೈಲ್ಸ್ ಹಾಕ್ತಾ ಇದ್ದ ಆಸಾಮಿ ಫೋನ್ ಮಾಡಿ, "ಹಲೋ, ಮೇಸ್ತ್ರಿ ಮಾತಾಡೋದು" ಅಂದನಂತೆ. ಆಯಮ್ಮ, "ಹೇಳಿ ಅಮ್ಮ, ಇವತ್ತು ಯಾವ ಸೀರೆ ಅಂಗಡಿ?" ಅಂದುಬಿಟ್ರಂತೆ. ಅವನು ಮಾರನೇ ದಿನದಿಂದ ಕೆಲಸಕ್ಕೇ ಬರಲಿಲ್ಲ. ಅದಕ್ಕೂ ಬೈಸಿಕೊಂಡಿದ್ದು ನಾನು.

ಗೌರಿಬಿದನೂರಿನ ಸೀರೆ

ಹೊರಟವರನ್ನ ಎಲ್ಲಿಗೆ ಅಂತ ಕೇಳಬಾರದು ತಾನೇ? ನಮ್ಮ ಎದುರುಮನೆಯವಳು ಶಾಸ್ತ್ರ ಬಿಡೋಳಲ್ಲ. ಬಾಗಿಲಲ್ಲಿ ರಂಗೋಲಿ ಹಾಕ್ತಾ, "ಏನಕ್ಕಾ, ದೂರಾನಾ?" ಅಂದಳು.

"ಇಲ್ಲ ಕಣೇ, ಹತ್ತಿರಾನೇ."

"ಹತ್ತಿರಕ್ಕೆ ರೇಷ್ಮೆ ಸೀರೆನಾ?"

ಹಳೇ ಸೀರೆ ಉಟ್ಟು ಹೋದ್ರೆ ದೊಡ್ಡ ಅಂಗಡಿಯವರು ಮೂಲೆಗೆ ಕೂರಿಸ್ತಾರೆ ಅಂತ ಉಟ್ಟಿದ್ದೆ. ಅದನ್ನ ಇವಳಿಗೆ ಹೇಳೋ ಹಾಗಿದೆಯಾ? ಹಲ್ಲು ಕಚ್ಚಿಕೊಂಡು ಬಸ್ಸು ಹತ್ತಿದೆ.

ಅವತ್ತಿನ ಕೆಲಸ ಏನು ಅಂದ್ರೆ, ಸೀರೆ ತೋರಿಸೋನ ತಾಳ್ಮೆ ಪರೀಕ್ಷೆ. ಬೀರುವಿನಲ್ಲಿ ಇರೋದನ್ನೆಲ್ಲ ಇಳಿಸಬೇಕು, ಒಂದೂ ಕೊಳ್ಳದೆ ಎದ್ದು ಬರಬೇಕು, ಆಗ ಅವನ ಮುಖ ಹೇಗಿರುತ್ತೆ ನೋಡಬೇಕು. ಆ ಪುಣ್ಯಾತ್ಮ ಎಂಥ ಸಾಧು ಅಂದ್ರೆ, ಗುಡ್ಡೆ ಹಾಕಿದ ಸೀರೆ ನಡುವೆ ಬರೀ ತಲೆ ಕಾಣ್ತಾ ಇದ್ರೂ ನಗ್ತಾನೇ ಇದ್ದ. ನಗ್ತಾ, "ಯಾವೂರಮ್ಮ ತಮ್ಮದು?" ಅಂದ.

ನಿಜ ಹೇಳೋ ಹಾಗಿಲ್ಲವಲ್ಲ, ಬಾಯಿಗೆ ಬಂದಿದ್ದು ಹೇಳಿದೆ, "ಮಂಚೇನಹಳ್ಳಿ."

"ಅಯ್ಯೋ, ನಮ್ಮತ್ತೆ ಊರು! ಯಾವ ಬೀದಿ? ಯಾರ ಮನೆ?"

"ಸ್ಕೂಲಿನ ಹಿಂದೆ" ಅಂದೆ. ಸ್ಕೂಲಿಲ್ಲದ ಊರು ಎಲ್ಲಿದೆ? ಆ ಮಹಾರಾಯ ಅಷ್ಟಕ್ಕೇ ಬಿಡಲಿಲ್ಲ. ಅತ್ತೆಗೆ ಫೋನ್ ಹಚ್ಚಿ ನನ್ನ ಕೈಗೇ ಕೊಟ್ಟುಬಿಟ್ಟ.

ಆ ಕಡೆಯಿಂದ ಅತ್ತೆ, "ಸ್ಕೂಲಿನ ಹಿಂದೆನಾ? ಹಂಗಾದ್ರೆ ಸೊಸೆ ಒಡವೆ ಸಮೇತ ತವರು ಸೇರಿಕೊಂಡಳಲ್ಲ, ಆ ಮನೆಯೋರಾ ನೀವು?" ಅಂದಳು.

ನೀವೇ ಹೇಳಿ, ಇಷ್ಟು ಕೇಳಿದ ಮೇಲೆ ಫೋನ್ ಇಡೋಕೆ ಆಗುತ್ತಾ? "ಆ ಮನೆಯೋರಲ್ಲ, ಪಕ್ಕದ ಮನೆ" ಅಂದೆ. ಸೊಸೆ ಯಾಕೆ ಹೋದಳು, ಒಡವೆ ಯಾರದ್ದು, ನಾದಿನಿ ಗಂಡನಿಗೂ ಇದಕ್ಕೂ ಏನು ಸಂಬಂಧ, ಎಲ್ಲ ಬಂತು. ಅಂಗಡಿಯವನು ಒಂದೊಂದೇ ಸೀರೆ ಮಡಚಿ ಒಳಗಿಟ್ಟು, ಫೋನಿಗಾಗಿ ಕೈ ಚಾಚಿಕೊಂಡು ಕೂತಿದ್ದ.

ಸಂಜೆ ತಾರಸಿ ಮೇಲಿಂದ ಎಲ್ಲ ಒಪ್ಪಿಸಿದೆ. "ಯಾರಿಗೂ ಗೊತ್ತಾಗಿಲ್ಲ, ಹೆದರಬೇಡಿ" ಅಂತಾನೂ ಕೂಗಿದೆ. ಮೇಡಂ ನಿಟ್ಟುಸಿರು ಬಿಟ್ಟು, "ಅಮ್ಮಾ, ಒಡವೆ ವಿಷಯ ಸಾಕು. ಅಂಗಡಿಯವನು ಹೇಗಿದ್ದ?" ಅಂದ್ರು.

"ಅವನನ್ನ ಯಾರು ನೋಡಿದ್ರು?" ಅಂದೆ.

ಚಿಂತಾಮಣಿಯ ಸಾಂಬಾರು

ಇಲ್ಲಿ ಹೋಟೆಲು. ಇಡ್ಲಿ ತಿಂದು ಸಾಂಬಾರು ಚೆನ್ನಾಗಿಲ್ಲ ಅಂತ ದೂರು ಹೇಳಬೇಕು, ದೂರು ಹೇಳಿದವರನ್ನ ಹೇಗೆ ನಡೆಸಿಕೊಳ್ತಾರೆ ನೋಡಬೇಕು. ಸಾಂಬಾರು ನೋಡಿದ್ರೆ ಅಮೃತ. ನಾನು ಎರಡು ಸಲ ಹಾಕಿಸಿಕೊಂಡು ಕುಡಿದು, ಆಮೇಲೆ ಕೆಲಸ ನೆನಪಾಗಿ, "ಉಪ್ಪು ಜಾಸ್ತಿ" ಅಂದೆ.

ಬಡಿಸೋನು ಬೆಚ್ಚಿಬಿದ್ದು ತೆಲುಗಿಗೆ ಇಳಿದ. "ಉಪ್ಪು ಎಕ್ಕುವನಾ ಅಮ್ಮಾ?" ಅಂತ ಕೂಗಿದ್ದು ಅಡುಗೆಮನೆಗೇ ಕೇಳಿಸ್ತು. ಅಡುಗೆಭಟ್ಟ ಸೌಟು ಹಿಡಿದುಕೊಂಡೇ ಆಚೆ ಬಂದ. ಬಂದವನು ನನ್ನ ಕೇಳಲಿಲ್ಲ. ಪಕ್ಕದ ಟೇಬಲಿನವರಿಗೆ ಒಂದು ಸೌಟು ಹಾಕಿ, "ನೀವು ಹೇಳಿ ಸಾಮಿ" ಅಂದ. ಅವರು ನೆಕ್ಕಿ ನೋಡಿ, "ಸರಿಗ್ಗಾ ಐತೆ" ಅಂದ್ರು. ಆಚೆ ಟೇಬಲಿನವರು, "ಇನ್ನೊಂದು ಚಿಟಿಕೆ ಬೇಕಿತ್ತು" ಅಂದ್ರು. ಬೀಡಾ ಅಂಗಡಿಯವನೂ ರಸ್ತೆ ದಾಟಿ ಬಂದು ರುಚಿ ನೋಡಿದ. ಪಂಚಾಯ್ತಿಯೇ ಕೂತುಬಿಡ್ತು, ನಾನೊಬ್ಬಳು ಒಂದು ಕಡೆ, ಚಿಂತಾಮಣಿಯೆಲ್ಲ ಇನ್ನೊಂದು ಕಡೆ.

ಕೊನೆಗೆ ಹೋಟೆಲ್ ಯಜಮಾನ ಬಂದು ಮೆತ್ತಗೆ, "ಅಮ್ಮಾ, ನಿಮಗೆ ಬಿಪಿ ಐತಾ?" ಅಂದ. ಜಗಳ ಮುಗಿದ್ರೆ ಸಾಕು ಅಂತ ಹೂಂ ಅಂದೆ. ಪಾಪ, ಎಂಥ ಒಳ್ಳೆ ಮನುಷ್ಯ, ಉಪ್ಪೇ ಇಲ್ಲದ ಮೊಸರನ್ನ ಕಲಸಿಸಿ ತಂದು ಎದುರಿಗೇ ಕೂತು ತಿನ್ನಿಸಿದ. ಒಂದು ಅಗುಳು ಬಿಡೋ ಹಾಗಿಲ್ಲ.

ಈಗ ನಾನು ಚಿಂತಾಮಣಿಯಲ್ಲಿ ಬಸ್ಸು ಇಳಿದ್ರೆ ಸಾಕು, ಆ ಬೀಡಾ ಅಂಗಡಿಯವನು ಹೋಟೆಲಿನ ಕಡೆ ತಿರುಗಿ ಕೂಗ್ತಾನೆ: "ರೇಯ್, ಉಪ್ಪಮ್ಮ ವಚ್ಚಿಂದಿ!" ಗುಟ್ಟಾಗಿ ಹೋಗಬೇಕಾದವಳಿಗೆ ಉಪ್ಪಮ್ಮ ಬಂದಳು ಅಂತ ಡಂಗುರದ ಸ್ವಾಗತ.

ಶಿಡ್ಲಘಟ್ಟದ ಚಪ್ಪಲಿ

ಚಪ್ಪಲಿ ಅಂಗಡಿಯಲ್ಲಿ ಗಲ್ಲಾ ಮೇಲೆ ಯಜಮಾನರು ತಲೆಯಿಟ್ಟು ನಿದ್ದೆ. ಅವರ ಬೇಗಂ ನನಗೆ ಸ್ಟೂಲು ಹಾಕಿ, "ಆವೋ ಅಮ್ಮಾ, ಕೂತ್ಕೊಳ್ಳಿ" ಅಂತ ತಾವೇ ಚಪ್ಪಲಿ ತೋರಿಸಿದ್ರು. ನನ್ನ ಅಂಗಾಲಿನ ಆಣಿ ನೋಡಿ ಮೆತ್ತನೆಯದ್ದೇ ಹುಡುಕಿ ಕೊಟ್ರು. ನಾನು ಫ್ಯಾನು ನೋಡಿದೆ, ಮೂಲೆ ನೋಡಿದೆ, ಎಲ್ಲ ಮುಗಿಸಿ, "ಬಿಲ್ಲು ಕೊಡಿ" ಅಂದೆ.

ಬೇಗಂ ನನ್ನ ಮುಖವನ್ನೇ ನೋಡಿ, ತಗ್ಗಿದ ದನಿಯಲ್ಲಿ, "ಕಂಪನಿ ಕಡೆಯೋರಾ?" ಅಂದ್ರು.

"ಛೆ, ಛೆ! ಯಾವ ಕಂಪನಿ?"

"ಅಮ್ಮಾ, ನಾವು ರೇಷ್ಮೆಗೂಡನ್ನ ಕಿವಿ ಹತ್ತಿರ ಅಲ್ಲಾಡಿಸಿ ಒಳಗಿನ ಹುಳ ಹೇಗಿದೆ ಅಂತ ಹೇಳೋ ಜನ. ನಿಮ್ಮ ಮುಖ ತಿಳಿಯಲ್ವಾ? ನಮ್ಮೂರಲ್ಲಿ ಚಪ್ಪಲಿಗೆ ಯಾರೂ ಬಿಲ್ಲು ಕೇಳಲ್ಲ."

ಮುಗಿಯಿತು ನನ್ನ ಕೆಲಸ ಅಂದುಕೊಂಡೆ. "ತಾಯಿ, ಯಾರಿಗೂ ಹೇಳಬೇಡಿ" ಅಂತ ಕೈ ಹಿಡಿದುಕೊಂಡೆ.

"ಹೇಳಲ್ಲ. ನೀವು ಮಾತ್ರ ಒಂದು ಉಪಕಾರ ಮಾಡಬೇಕು" ಅಂತ ಗಲ್ಲಾ ಕಡೆ ತೋರಿಸಿದ್ರು. "ಅಂಗಡೀಲಿ ನಿದ್ದೆ ಮಾಡ್ತಾರೆ ಅಂತ ಚೆನ್ನಾಗಿ ದೂರು ಕೊಡಿ. ನಾನು ಬೈದ್ರೆ ಹೆಂಡತಿ ಅಂತಾರೆ, ಕಂಪನಿ ಬೈದ್ರಾದ್ರೂ ಏಳಲಿ."

ದೂರು ಕೊಟ್ಟೆ. ಆಮೇಲೆ ವಿಚಾರಿಸಿದೆ, ಈಗ ಗಲ್ಲಾ ಮೇಲೆ ಮಲಗಲ್ಲವಂತೆ. ಒಳಗೆ ಚಾಪೆ ಹಾಸಿಕೊಂಡಿದ್ದಾರಂತೆ.

ಆ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದ್ರೆ ಎದುರುಮನೆಯವಳ ಕಣ್ಣು ನೇರ ಕಾಲಿಗೇ. "ಹೊಸದಾ? ಯಾರು ಕೊಡಿಸಿದ್ರಕ್ಕಾ?"

ಬಿಸಿಲಲ್ಲಿ ಬಸ್ಸಿನಲ್ಲಿ ನಿಂತು ಬಂದಿದ್ದೆ, ರೇಗಿಹೋಯ್ತು. "ಕೊಡಿಸೋರು ಕೊಡಿಸಿದ್ರು, ನಿನಗ್ಯಾಕೆ?" ಅಂದು ಬಾಗಿಲು ಹಾಕಿಕೊಂಡೆ.

ನಮ್ಮ ಬೀದಿ

ಇದಾದ ಮೇಲೆ ಒಂದು ಬೆಳಿಗ್ಗೆ ಹೂವಿನವಳ ಬುಟ್ಟಿ ಸುತ್ತ ನಮ್ಮ ಬೀದಿಯ ಹೆಂಗಸರು ನಿಂತಿದ್ರು. ನಾನು ಹೋದ ತಕ್ಷಣ ಮಾತು ನಿಂತಿತು. ಒಬ್ಬಳು ಆಕಾಶ ನೋಡಿದಳು. ಇನ್ನೊಬ್ಬಳು "ಕಾಕಡ ಹೇಗಮ್ಮ?" ಅಂತ ಕೇಳಿದಳು. ಇಷ್ಟು ವರ್ಷ ಈ ಬೀದಿಯಲ್ಲಿ ಮಾತು ನಿಲ್ಲಿಸಿ ಕಾಕಡದ ರೇಟು ಕೇಳ್ತಾ ಇದ್ದವಳು ನಾನು. ಇವರು ಯಾರ ವಿಷಯ ಆಡ್ತಿದ್ರು ಅಂತ ನನಗೆ ತಿಳಿಯಲ್ವಾ?

ನೇರ ಎದುರುಮನೆಗೆ ನುಗ್ಗಿದೆ. ಅವಳು ಅವರೆಕಾಯಿ ಸುಲಿತಾ ಕೂತಿದ್ದಳು.

"ಏನೇ ಹೇಳಿದ್ದೀಯ ನನ್ನ ಬಗ್ಗೆ?"

"ದೇವರಾಣೆ ನಾನೇನೂ ಹೇಳಿಲ್ಲಕ್ಕಾ. ಹೂವಿನವಳು ಹೌದಾ ಅಂತ ಕೇಳಿದಳು. ನಾನು ಅಲ್ಲ ಅನ್ನಲಿಲ್ಲ, ಅಷ್ಟೇ."

"ಏನು ಹೌದಾ ಅಂತ?"

"ಅದೇ, ಮೇಸ್ತ್ರಿ ವಿಷಯ."

ಕೆಲಸ ಹೋಯ್ತಲ್ಲಪ್ಪ! "ನಿನಗೆ ಹೆಂಗೆ ಗೊತ್ತಾಯ್ತು?" ಅಂದೆ.

"ತಾರಸಿ ಮೇಲೆ ನಿಂತು ನೀವೇ ಕೂಗ್ತೀರಲ್ಲಾ. ಇವತ್ತು ಮೇಸ್ತ್ರಿ ಗೌರಿಬಿದನೂರು, ನಾಳೆ ಮೇಸ್ತ್ರಿ ಚಿಂತಾಮಣಿ, ಯಾರಿಗೂ ಗೊತ್ತಾಗಿಲ್ಲ, ಹೆದರಬೇಡಿ ಅಂತ. ರೇಷ್ಮೆ ಸೀರೆ ಉಟ್ಟು ಹೋಗ್ತೀರಿ, ಹೋಟೆಲಲ್ಲಿ ತಿಂದು ಬರ್ತೀರಿ. ಚಪ್ಪಲಿ ಬೇರೆ ಕೊಡಿಸಿದ್ದಾನೆ."

"ಯಾರೇ ಕೊಡಿಸಿದ್ದು?"

"ಅವನೇ, ನಿಮ್ಮ ಗಾರೆ ಮೇಸ್ತ್ರಿ!"

ಬಾಯಿ ಬಿಟ್ರೆ ಕೆಲಸ ಹೋಗುತ್ತೆ, ಬಿಡದಿದ್ರೆ ಈ ವಯಸ್ಸಲ್ಲಿ ಮಾನ ಹೋಗುತ್ತೆ. ಕೆಲಸ ಹಾಳಾಗಿ ಹೋಗಲಿ ಅಂತ ಬಾಗಿಲು ಹಾಕಿ, ಯಾರಿಗೂ ಹೇಳಲ್ಲ ಅಂತ ಅವಳ ಕೈಯಲ್ಲಿ ಆಣೆ ಹಾಕಿಸಿಕೊಂಡು, ಮೊದಲಿಂದ ಕೊನೆವರೆಗೆ ಎಲ್ಲ ಬಿಡಿಸಿ ಹೇಳಿದೆ. ಕಂಪನಿ, ಮೇಡಂ, ಸೀರೆ, ಉಪ್ಪು, ಬಿಲ್ಲು, ಒಂದೂ ಬಿಡಲಿಲ್ಲ.

ಅವಳು ಅವರೆಕಾಯಿ ಬದಿಗಿಟ್ಟು ಪೂರ್ತಿ ಕೇಳಿದಳು. ಆಮೇಲೆ ನನ್ನ ಮುಖಕ್ಕೇ ಹೇಳಿದಳು:

"ಅಕ್ಕಾ, ಬಾಯಿ ಮುಚ್ಕೊಂಡಿರೋ ಕೆಲಸಕ್ಕೆ ನಿಮ್ಮನ್ನ ಇಟ್ಕೊಂಡಿದ್ದಾರೆ ಅಂದ್ರೆ ಈ ಬೀದೀಲಿ ನಾಯಿನೂ ನಂಬಲ್ಲ. ಮೇಸ್ತ್ರಿ ಅಂದಿದ್ದಕ್ಕೆ ನಾವೆಲ್ಲ ಮರ್ಯಾದೆಯಾಗಿ ನಂಬಿದ್ವಿ. ಇರಲಿ ಬಿಡಿ, ನಾನ್ಯಾರಿಗೂ ಹೇಳಲ್ಲ. ಅವನು ಮುಂದಿನ ಸಲ ಬರೋವಾಗ ಕರಣೆ, ಸಿಮೆಂಟು ತರೋಕೆ ಹೇಳಿ, ನಮ್ಮ ಬಚ್ಚಲುಮನೆ ಗೋಡೆ ಜಿನುಗ್ತಾ ಇದೆ."